ಮಸ್ಟಾಂಗ್ ತಗ್ಗಿತು, ಟ್ರಕ್ ಎದ್ದಿತು: ಸಸ್ಪೆನ್ಷನ್ ಕಿಟ್‌ಗೆ ದುಡ್ಡು ಹಾಕೋಕೆ ಮುಂಚೆ

ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ.

ಇವತ್ತಿನ ಎಪಿಸೋಡ್‌ಗೆ ಕಾರಣ ಒಂದು ವಾಯ್ಸ್ ನೋಟ್. ಕಳಿಸಿದವರು ಹಾಸನದ ಕಡೆಯವರು, ಈಗ ಅಮೆರಿಕದ ಡಲ್ಲಾಸ್‌ನಲ್ಲಿ ಕೆಲಸ ಮಾಡ್ತಿದ್ದಾರೆ. ಹೆಸರು ಹೇಳ್ಬೇಡಿ ಅಂದಿದ್ದಾರೆ, ಹೇಳಲ್ಲ. ಹಾಸ್ಟೆಲ್ ರೂಮಿನ ಗೋಡೆ ಮೇಲೆ ಪೋಸ್ಟರ್ ಆಗಿದ್ದ ಫೋರ್ಡ್ ಮಸ್ಟಾಂಗ್‌ನ ಕೊನೆಗೂ ತಗೊಂಡ್ರಂತೆ. ಹೊಸದೇನಲ್ಲ. 2003ರ ಜಿಟಿ, ವಿ8 ಇಂಜಿನ್, ಸೆಕೆಂಡ್ ಹ್ಯಾಂಡ್. ಆಮೇಲೆ ಎಲ್ಲರೂ ಮಾಡೋ ಕೆಲಸಾನೇ ಅವರೂ ಮಾಡಿದ್ರು. ಆನ್‌ಲೈನ್‌ನಲ್ಲಿ ಒಂದು ಕಿಟ್ ನೋಡಿದ್ರು: ಕಾರ್‌ನ ಒಂದೂವರೆ ಇಂಚು ತಗ್ಗಿಸೋ ಸ್ಪ್ರಿಂಗ್, ಹಿಂದಿನ ಆಕ್ಸಲ್‌ಗೆ ಗಟ್ಟಿ ಆರ್ಮ್‌ಗಳು, ಎಲ್ಲಾ ಕಡೆ ಪಾಲಿಯುರೆಥೇನ್ ಬುಷ್. ಹೆಸರಲ್ಲೇ ‘ಪರ್ಫಾರ್ಮೆನ್ಸ್’ ಅಂತ ಇತ್ತು. ಆರ್ಡರ್ ಮಾಡಿ, ಒಂದು ಗ್ಯಾರೇಜ್‌ನಲ್ಲಿ ಹಾಕಿಸಿದ್ರು.

ಎರಡು ವಾರ ಎಲ್ಲಾ ಚೆನ್ನಾಗೇ ಇತ್ತು. ಕಾರ್ ನೋಡೋಕೆ ಸಖತ್, ಸ್ಟೇರಿಂಗ್ ಚುರುಕು. ಮೂರನೇ ವಾರ ಸಣ್ಣ ಮಳೆ, ಸಂಜೆ ಹೊತ್ತು. ಫ್ರೀವೇಯಿಂದ ಇಳಿಯೋ ತಿರುವಿನಲ್ಲಿ ಕಾರ್‌ನ ಹಿಂಭಾಗ ಇದ್ದಕ್ಕಿದ್ದ ಹಾಗೆ ಹೊರಗೆ ಜಾರಿ, ಗಾಡಿ ಅರ್ಧ ಸುತ್ತು ತಿರುಗಿ ರಸ್ತೆ ಅಂಚಿನಲ್ಲಿ ನಿಂತಿತು. ಯಾವುದಕ್ಕೂ ತಗಲಲಿಲ್ಲ. ಪಕ್ಕದಲ್ಲಿ ಹೆಂಡತಿ ಇದ್ರು. ಅವರು ನನ್ನನ್ನ ಕೇಳಿದ್ದು ಇಷ್ಟೇ: ‘ಗುರು, ದುಡ್ಡು ಕೊಟ್ಟು ಕಾರ್‌ನ ಹಾಳು ಮಾಡ್ಕೊಂಡ್ನಾ?’

ಹೌದು, ಮಾಡ್ಕೊಂಡ್ರು. ಆದ್ರೆ ಪಾರ್ಟ್‌ಗಳು ಕಳಪೆ ಅಂತಲ್ಲ, ಒಂದೊಂದೂ ಬಿಡಿಬಿಡಿಯಾಗಿ ಚೆನ್ನಾಗೇ ಇತ್ತು. ಒಂದು ಕಡೆ ಗಟ್ಟಿ ಮಾಡಿದ್ರೆ ಆ ಭಾರ ಇನ್ನೆಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ. ಈ ಎಪಿಸೋಡ್ ಪೂರ್ತಿ ಆ ಒಂದು ಪ್ರಶ್ನೆ ಬಗ್ಗೆ.

ಮೊದಲು, ಸ್ಪ್ರಿಂಗ್ ಏನು ಮಾಡುತ್ತೆ, ಶಾಕ್ ಏನು ಮಾಡುತ್ತೆ

ತುಂಬಾ ಜನಕ್ಕೆ ಇವೆರಡೂ ಒಂದೇ. ಶಾಕ್ ಅಬ್ಸಾರ್ಬರ್ ಅಂತ ಹೆಸರಿದ್ರೂ ಗುಂಡಿಯ ಹೊಡೆತ ತಗೊಳ್ಳೋದು ಸ್ಪ್ರಿಂಗ್. ನಾನು ಬಿ.ಕಾಂ ಓದಿದವನು, ನನಗೆ ಅರ್ಥ ಆಗೋ ರೀತಿಯಲ್ಲಿ ಹೇಳ್ತೀನಿ. ಸ್ಪ್ರಿಂಗ್ ಅಂದ್ರೆ ಶಕ್ತಿಯನ್ನ ಡೆಪಾಸಿಟ್ ಇಟ್ಕೊಂಡು, ತಕ್ಷಣ ಪೂರ್ತಿ ವಾಪಸ್ ಕೊಡೋ ಬ್ಯಾಂಕ್. ವಾಪಸ್ ಕೊಟ್ಟಾಗ ಗಾಡಿ ಮೇಲಕ್ಕೆ ಎಗರುತ್ತೆ, ಮತ್ತೆ ಕೂರುತ್ತೆ, ಮತ್ತೆ ಎಗರುತ್ತೆ. ಶಾಕ್ ಆ ಶಕ್ತಿಯನ್ನ ಖರ್ಚು ಬರೆದು ಲೆಕ್ಕ ಮುಗಿಸುತ್ತೆ. ಒಳಗಿನ ಎಣ್ಣೆಯನ್ನ ಸಣ್ಣ ತೂತುಗಳಲ್ಲಿ ನುಗ್ಗಿಸಿ, ಶಕ್ತಿಯನ್ನ ಬಿಸಿಯಾಗಿ ಪರಿವರ್ತಿಸುತ್ತೆ. ಒರಟು ರಸ್ತೆಯಲ್ಲಿ ತುಂಬಾ ಹೊತ್ತು ಓಡಿಸಿ ಇಳಿದು ಶಾಕ್ ಮುಟ್ಟಿದ್ರೆ ಕೈ ಸುಡುತ್ತೆ. ಮುಟ್ಬೇಡಿ, ನನ್ನ ಮಾತು ನಂಬಿ.

ಇನ್ನೊಂದು ವ್ಯತ್ಯಾಸ. ಸ್ಪ್ರಿಂಗ್ ಎಷ್ಟು ದೂರ ಅದುಮಿದೆ ಅನ್ನೋದರ ಮೇಲೆ ಅದರ ಬಲ ನಿಂತಿದೆ. ಶಾಕ್‌ನ ಬಲ ಎಷ್ಟು ವೇಗವಾಗಿ ಅದುಮಿದೆ ಅನ್ನೋದರ ಮೇಲೆ. ಹಾಗಾಗಿ ಗಟ್ಟಿ ಸ್ಪ್ರಿಂಗ್ ಹಾಕಿ ಹಳೇ ಶಾಕ್ ಬಿಟ್ರೆ ಸಾಲ ಜಾಸ್ತಿ ಮಾಡಿ ಸಂಬಳ ಹಾಗೇ ಇಟ್ಕೊಂಡ ಹಾಗೆ. ನಮ್ಮ ಡಲ್ಲಾಸ್ ಗೆಳೆಯರ ಕಿಟ್‌ನಲ್ಲಿ ಶಾಕ್ ಇರಲಿಲ್ಲ. ಕಾರ್ ಜೊತೆ ಬಂದಿದ್ದ ಹಳೇ ಶಾಕ್‌ಗಳೇ ಹೊಸ ಸ್ಪ್ರಿಂಗ್‌ಗಳನ್ನ ಹಿಡಿದಿಡಬೇಕಿತ್ತು.

ದುಡ್ಡು ಉಳಿಸೋಕೆ ಸ್ಪ್ರಿಂಗ್‌ನ ಗ್ರೈಂಡರ್‌ನಲ್ಲಿ ಕತ್ತರಿಸೋರೂ ಇದ್ದಾರೆ. ಅಲ್ಲೂ, ಇಲ್ಲೂ. ಎಂಟು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಕತ್ತರಿಸಿದ್ರೆ ಅದು ಸುಮಾರು 14 ಪರ್ಸೆಂಟ್ ಗಟ್ಟಿಯಾಗುತ್ತೆ. ಆದ್ರೆ ಕೂತ್ಕೊಳ್ಳೋ ತುದಿ ಸರಿಯಾಗಿ ಕೂರಲ್ಲ. ಅದರ ಬಗ್ಗೆ ಇಷ್ಟು ಸಾಕು.

ಮಸಲ್ ಕಾರ್‌ಗಳು ಹುಟ್ಟಿದ್ದೇ ಹೀಗೆ

ಈ ಕಾರ್‌ಗಳಿಗೆ ಯಾಕೆ ಇಷ್ಟೊಂದು ಆಫ್ಟರ್‌ಮಾರ್ಕೆಟ್ ಪಾರ್ಟ್ ಬೇಕು ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂತು. ಐಡಿಯಾ ಸಿಂಪಲ್: ಮಧ್ಯಮ ಗಾತ್ರದ ಫ್ಯಾಮಿಲಿ ಕಾರ್‌ಗೆ ದೊಡ್ಡ ಕಾರ್‌ನ 389 ಕ್ಯೂಬಿಕ್ ಇಂಚ್ ಇಂಜಿನ್, ಅಂದ್ರೆ ಸುಮಾರು 6.4 ಲೀಟರ್. ಅದೇ ವರ್ಷ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್ ಬಂತು. ಅದರ ಅಡಿಪಾಯ ಫೋರ್ಡ್‌ನವರ ಅಗ್ಗದ ಫಾಲ್ಕನ್ ಕಾರ್. ಹಿಂದಿನ ಚಕ್ರಗಳಿಗೆ ಲೀಫ್ ಸ್ಪ್ರಿಂಗ್. ಲಾರಿ ಕೆಳಗೆ ಕಾಣುತ್ತಲ್ಲ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಅದೇ.

ಇಂಜಿನ್‌ಗೆ ದುಡ್ಡು ಹಾಕಿದ್ರು, ಉಳಿದಿದ್ದೆಲ್ಲ ಸೊಪ್ಪು ತರಕಾರಿ ತರೋ ಕಾರ್‌ದು. 1967ರ ಮಾಡೆಲ್ ಶೆವರ್ಲೆ ಕಮಾರೊಗೆ ಹಿಂದೆ ಒಂದೊಂದೇ ಪಟ್ಟಿಯ ಲೀಫ್ ಸ್ಪ್ರಿಂಗ್ ಕೊಟ್ಟಿದ್ರು. ಜೋರಾಗಿ ಆಕ್ಸಲರೇಟರ್ ಒತ್ತಿದ್ರೆ ಆಕ್ಸಲ್ ತನ್ನ ಅಕ್ಷದಲ್ಲೇ ತಿರುಚೋಕೆ ನೋಡುತ್ತೆ, ಪಟ್ಟಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗುತ್ತೆ, ಆಮೇಲೆ ಪಟ್ ಅಂತ ವಾಪಸ್. ಮತ್ತೆ ಬಾಗುತ್ತೆ, ಮತ್ತೆ ವಾಪಸ್. ಚಕ್ರ ರಸ್ತೆ ಮೇಲೆ ಕುಣಿಯುತ್ತೆ. ಇದಕ್ಕೆ ವೀಲ್ ಹಾಪ್ ಅಂತಾರೆ. 1968ರಲ್ಲಿ ಕಂಪನಿಯೇ ಒಂದು ಶಾಕ್‌ನ ಆಕ್ಸಲ್‌ನ ಮುಂದೆ, ಇನ್ನೊಂದನ್ನ ಹಿಂದೆ ಇಟ್ಟು ಈ ಕುಣಿತ ಕಮ್ಮಿ ಮಾಡೋಕೆ ನೋಡ್ತು. ಟ್ರ್ಯಾಕ್ಷನ್ ಬಾರ್ ಅಂತ ಮಾರ್ತಾರಲ್ಲ, ಅದರ ಕೆಲಸವೂ ಇದೇ: ಆಕ್ಸಲ್ ತಿರುಚದ ಹಾಗೆ ಹಿಡಿಯೋದು.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ದುಡ್ಡೇ ಬೇಕಿಲ್ಲ. 1965ರ ಶೆಲ್ಬಿ ಜಿಟಿ350, ಕ್ಯಾರಲ್ ಶೆಲ್ಬಿ ಅವರ ಕೈಲಿ ಪಳಗಿದ ಮಸ್ಟಾಂಗ್. ಅದರಲ್ಲಿ ಮುಂದಿನ ಮೇಲಿನ ಕಂಟ್ರೋಲ್ ಆರ್ಮ್ ಕೂರೋ ತೂತುಗಳನ್ನ ಒಂದು ಇಂಚು ಕೆಳಗೆ ಕೊರೆದ್ರು. ಹೊಸ ಪಾರ್ಟ್ ಇಲ್ಲ, ಅದೇ ಆರ್ಮ್, ಅದೇ ಬೋಲ್ಟ್. ಇದರ ಹಿಂದೆ ಇದ್ದವರು ಫೋರ್ಡ್‌ನ ಇಂಜಿನಿಯರ್ ಕ್ಲಾಸ್ ಆರ್ನಿಂಗ್. ಒಂದು ಇಂಚಿನಿಂದ ಏನಾಯ್ತು? ತಿರುವಿನಲ್ಲಿ ಕಾರ್ ವಾಲಿದಾಗ ಹೊರಗಿನ ಚಕ್ರವೂ ಅದರ ಜೊತೆ ಹೊರಗೆ ವಾಲಿ ಟೈರ್‌ನ ಅಂಚಿನ ಮೇಲೆ ನಿಲ್ತಿತ್ತು. ಆರ್ಮ್‌ನ ಕೋನ ಬದಲಾದ ಮೇಲೆ ಚಕ್ರ ಒಳಗೆ ವಾಲೋಕೆ ಶುರುವಾಯ್ತು, ಟೈರ್ ಹೆಚ್ಚು ಅಗಲವಾಗಿ ರಸ್ತೆಗೆ ತಾಗಿ ಕೂತಿತು. ಇವತ್ತಿಗೂ ಹಳೇ ಮಸ್ಟಾಂಗ್ ಇಟ್ಕೊಂಡವರು ಒಂದು ಟೆಂಪ್ಲೇಟ್, ಒಂದು ಡ್ರಿಲ್ ಹಿಡಿದು ಇದನ್ನ ಮಾಡ್ಕೋತಾರೆ. ಶೆಲ್ಬಿ ಡ್ರಾಪ್ ಅಂತ ಕರೀತಾರೆ.

ಇದನ್ನ ಇಷ್ಟು ಉದ್ದಕ್ಕೆ ಹೇಳೋಕೆ ಕಾರಣ ಇದೆ. ಸಸ್ಪೆನ್ಷನ್‌ನಲ್ಲಿ ಪಾರ್ಟ್ ಎಷ್ಟು ದಪ್ಪ ಅನ್ನೋದಕ್ಕಿಂತ ಅದು ಯಾವ ಬಿಂದುವಿನ ಸುತ್ತ ತಿರುಗುತ್ತೆ ಅನ್ನೋದು ದೊಡ್ಡ ವಿಷಯ. ಕಿಟ್‌ಗಳ ಜಾಹೀರಾತಿನಲ್ಲಿ ಈ ಬಿಂದು ಕಾಣಲ್ಲ. ಕೆಂಪು ಬಣ್ಣದ ಆರ್ಮ್ ಕಾಣುತ್ತೆ.

ಡಲ್ಲಾಸ್ ಮಸ್ಟಾಂಗ್ ಯಾಕೆ ತಿರುಗಿತು

ಈಗ ನಮ್ಮ 2003ರ ಕಾರ್‌ಗೆ ಬರೋಣ. ಇದರ ಹಿಂದಿನ ಸಸ್ಪೆನ್ಷನ್‌ನ ಮೂಲ ವಿನ್ಯಾಸ 1979ರದ್ದು, 2004ರವರೆಗೂ ಸಾಮಾನ್ಯ ಮಸ್ಟಾಂಗ್‌ಗಳಲ್ಲಿ ಅದೇ ನಡೀತು. ಹಿಂದೆ ಒಂದೇ ಗಟ್ಟಿ ಆಕ್ಸಲ್. ಅದನ್ನ ಹಿಡಿಯೋಕೆ ನಾಲ್ಕು ಆರ್ಮ್. ಕೆಳಗಿನ ಎರಡು ಹೆಚ್ಚು ಕಮ್ಮಿ ಕಾರ್‌ನ ಉದ್ದಕ್ಕೆ ಇರುತ್ತೆ. ಮೇಲಿನ ಎರಡು ಓರೆಯಾಗಿ ಇರುತ್ತೆ, ಆಕ್ಸಲ್ ಎಡ ಬಲಕ್ಕೆ ಸರಿಯದ ಹಾಗೆ ತಡೆಯೋದು ಆ ಓರೆ.

ಇಲ್ಲಿ ಒಂದು ಗಣಿತದ ಜಗಳ ಇದೆ. ಕಾರ್ ತಿರುವಿನಲ್ಲಿ ಒಂದು ಕಡೆ ವಾಲಿದಾಗ ನಾಲ್ಕೂ ಆರ್ಮ್ ಬೇರೆ ಬೇರೆ ದಾರಿಯಲ್ಲಿ ತಿರುಗ್ಬೇಕು, ಆದ್ರೆ ಎಲ್ಲದರ ಇನ್ನೊಂದು ತುದಿ ಒಂದೇ ಆಕ್ಸಲ್‌ಗೆ ಕಟ್ಟಿದೆ. ಕಬ್ಬಿಣ ಬಗ್ಗಲ್ಲ. ಹಾಗಾದ್ರೆ ಜಗಳ ಬಿಡಿಸೋದು ಯಾರು? ರಬ್ಬರ್ ಬುಷ್. ಅದು ಅದುಮಿ, ತಿರುಚಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಜಾಗ ಮಾಡಿಕೊಡುತ್ತೆ. ಫೋರ್ಡ್ ಇಲ್ಲಿ ಮೆತ್ತನೆ ರಬ್ಬರ್ ಹಾಕಿದ್ದು ಕಾಸು ಉಳಿಸೋಕೆ ಮಾತ್ರ ಅಲ್ಲ, ಅದಿಲ್ಲದೆ ಈ ವಿನ್ಯಾಸ ಕೆಲಸಾನೇ ಮಾಡಲ್ಲ.

ಪಾಲಿಯುರೆಥೇನ್ ಬುಷ್ ಗಟ್ಟಿ. ಒಂದೇ ದಿಕ್ಕಿನಲ್ಲಿ ತಿರುಗೋ ಕಡೆ, ಗ್ರೀಸ್ ಸರಿಯಾಗಿ ಇದ್ರೆ, ಅದು ಒಳ್ಳೇ ಆಯ್ಕೆ. ಸ್ವೇ ಬಾರ್‌ಗೆ ಹಾಕಿ, ನನ್ನದೇನೂ ತಕರಾರಿಲ್ಲ. ಆದ್ರೆ ಎಲ್ಲಾ ದಿಕ್ಕಿಗೂ ತಿರುಚಬೇಕಾದ ಈ ಮೇಲಿನ ಆರ್ಮ್‌ಗಳ ಎರಡೂ ತುದಿಗೆ ಹಾಕಿದ್ರೆ ಜಾಗ ಕೊಡೋರು ಯಾರೂ ಉಳಿಯಲ್ಲ. ಸ್ವಲ್ಪ ವಾಲಿದ ಮೇಲೆ ಆರ್ಮ್‌ಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ ಬೈಂಡ್ ಅಂತಾರೆ. ಹಿಂದಿನ ಸಸ್ಪೆನ್ಷನ್ ಆ ಕ್ಷಣದಲ್ಲಿ ಸಸ್ಪೆನ್ಷನ್ ಆಗಿ ಉಳಿಯಲ್ಲ, ಒಂದು ದೊಡ್ಡ ಗಟ್ಟಿ ಸ್ವೇ ಬಾರ್ ಆಗುತ್ತೆ. ಹಿಂದಿನ ಟೈರ್ ಹಿಡಿತ ನಿಧಾನಕ್ಕೆ ಬಿಡಲ್ಲ, ಎಚ್ಚರಿಕೆ ಕೊಡಲ್ಲ, ಒಂದೇ ಸಲ ಬಿಡುತ್ತೆ. ಒಣ ರಸ್ತೆಯಲ್ಲಿ ಎರಡು ವಾರ ಗೊತ್ತಾಗಲಿಲ್ಲ, ಮಳೆ ಬಂದ ದಿನ ಗೊತ್ತಾಯ್ತು.

ತಗ್ಗಿಸಿದ್ದೂ ಇದಕ್ಕೆ ಸಹಾಯ ಮಾಡಲಿಲ್ಲ. ಕಾರ್ ತಗ್ಗಿದ್ರೆ ಹಿಡಿತ ಜಾಸ್ತಿ ಅಂತ ಎಲ್ಲರೂ ಅಂದ್ಕೋತಾರೆ, ನಾನೂ ಅಂದ್ಕೊಂಡಿದ್ದೆ. ಭಾರದ ಕೇಂದ್ರ ಕೆಳಗೆ ಬರೋದು ನಿಜ. ಆದ್ರೆ ಪ್ರತಿ ಕಾರ್‌ಗೂ ವಾಲೋವಾಗ ಅದು ಯಾವುದರ ಸುತ್ತ ವಾಲುತ್ತೋ ಆ ಒಂದು ಕಾಲ್ಪನಿಕ ಬಿಂದು ಇರುತ್ತೆ, ರೋಲ್ ಸೆಂಟರ್ ಅಂತ. ಈ ಕಾರ್‌ನ ಮುಂದೆ ಇರೋ ಸ್ಟ್ರಟ್ ಮಾದರಿ ಸಸ್ಪೆನ್ಷನ್‌ನಲ್ಲಿ, ಗಾಡಿಯನ್ನ ತಗ್ಗಿಸಿದಾಗ ರೋಲ್ ಸೆಂಟರ್ ಭಾರದ ಕೇಂದ್ರಕ್ಕಿಂತ ಬೇಗ ಕೆಳಗೆ ಇಳಿಯುತ್ತೆ. ಎರಡರ ಮಧ್ಯದ ಅಂತರ ಹೆಚ್ಚಾಗುತ್ತೆ. ಅಂತರ ಹೆಚ್ಚಾದ್ರೆ ವಾಲಿಸೋ ಸನ್ನೆ ಉದ್ದ ಆದ ಹಾಗೆ. ಅಂದ್ರೆ ತಗ್ಗಿಸಿದ ಕಾರ್, ಸ್ಪ್ರಿಂಗ್ ತಕ್ಕಷ್ಟು ಗಟ್ಟಿ ಇಲ್ಲದಿದ್ರೆ, ಮೊದಲಿಗಿಂತ ಜಾಸ್ತಿ ವಾಲಬಹುದು! ಇದನ್ನ ಸರಿ ಮಾಡೋಕೆ ಉದ್ದದ ಬಾಲ್ ಜಾಯಿಂಟ್‌ಗಳು ಸಿಗುತ್ತೆ. ಜೊತೆಗೆ ಸ್ಟೇರಿಂಗ್‌ನ ಟೈ ರಾಡ್ ಕೋನವೂ ಬದಲಾಗಿ, ಗುಂಡಿಗೆ ಬಿದ್ದಾಗ ಚಕ್ರ ತಾನಾಗೇ ಪಕ್ಕಕ್ಕೆ ತಿರುಗುತ್ತೆ. ಅದಕ್ಕೆ ಬಂಪ್ ಸ್ಟಿಯರ್ ಕಿಟ್ ಅಂತ ಇನ್ನೊಂದು ಡಬ್ಬಿ. ಒಂದು ಪಾರ್ಟ್ ತಗೊಂಡ್ರೆ ಅದು ಇನ್ನೆರಡನ್ನ ಕರ್ಕೊಂಡು ಬರುತ್ತೆ, ಮದುವೆ ಮನೆಗೆ ಬರೋ ನೆಂಟರ ಹಾಗೆ.

ಹಾಗಾದ್ರೆ ಪರಿಹಾರ? ಗೆಳೆಯರು ಮೇಲಿನ ಆರ್ಮ್‌ಗಳನ್ನ ತೆಗೆದು ಕಂಪನಿಯ ರಬ್ಬರ್ ಬುಷ್ ಇರೋ ಸಾಮಾನ್ಯ ಆರ್ಮ್ ಹಾಕಿಸಿದ್ರು. ಕೆಳಗಿನವು ಗಟ್ಟಿಯಾಗೇ ಉಳೀತು, ಅಲ್ಲಿ ಅಷ್ಟು ತೊಂದರೆ ಇಲ್ಲ. ನಾಲ್ಕೂ ಕಡೆ ಹೊಸ ಶಾಕ್, ಸ್ಟ್ರಟ್. ಆಮೇಲೆ ಅಲೈನ್‌ಮೆಂಟ್. ಇದಕ್ಕಿಂತ ಮುಂದೆ ಹೋಗೋ ದಾರಿಗಳೂ ಇವೆ. ಆಕ್ಸಲ್‌ನ ಎಡ ಬಲ ಹಿಡಿಯೋ ಕೆಲಸವನ್ನ ಪ್ಯಾನ್‌ಹಾರ್ಡ್ ಬಾರ್ ಅನ್ನೋ ಒಂದು ಅಡ್ಡ ಸಲಾಕೆಗೆ ಕೊಟ್ಟು, ಓರೆ ಆರ್ಮ್‌ಗಳ ಹೊರೆ ಇಳಿಸೋದು. 2005ರ ಮಸ್ಟಾಂಗ್‌ನಲ್ಲಿ ಫೋರ್ಡ್ ಕೂಡ ಮೂರು ಆರ್ಮ್ ಮತ್ತು ಪ್ಯಾನ್‌ಹಾರ್ಡ್ ಬಾರ್‌ಗೆ ಬದಲಾಯ್ತು. 2015ರಲ್ಲಿ ಗಟ್ಟಿ ಆಕ್ಸಲ್‌ನೇ ಬಿಟ್ಟು ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಕೊಡ್ತು.

ಪರ್ಫಾರ್ಮೆನ್ಸ್, ಯಾವುದಕ್ಕೆ?

ಪಾರ್ಟ್ ತಗೊಳ್ಳೋಕೆ ಮುಂಚೆ ಅಂಗಡಿಯವರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಕೇಳಲಿಲ್ಲ ಅಂದ್ರೆ ನೀವೇ ಹೇಳಿ.

ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ಅಂದ್ರೆ ನೇರ ಕಾಲು ಮೈಲಿ, ಸುಮಾರು 400 ಮೀಟರ್. ಅಲ್ಲಿ ಹೊರಡೋವಾಗ ಮೂತಿ ಮೇಲೆದ್ದು ಭಾರ ಹಿಂದಿನ ಚಕ್ರದ ಮೇಲೆ ಬೀಳ್ಬೇಕು. ಅದಕ್ಕೇ ಅಂತ 90/10 ಅನ್ನೋ ಮುಂದಿನ ಶಾಕ್ ಸಿಗುತ್ತೆ. ಸುಲಭವಾಗಿ ಉದ್ದ ಆಗುತ್ತೆ, ವಾಪಸ್ ಕೂರೋಕೆ ಸತಾಯಿಸುತ್ತೆ. ಮೂತಿ ಎದ್ರೆ ಎದ್ದೇ ಇರುತ್ತೆ. ಅದೇ ಶಾಕ್ ಇರೋ ಕಾರ್‌ನ ಬೆಟ್ಟದ ತಿರುವಿಗೆ ತಗೊಂಡು ಹೋದ್ರೆ ದೋಣಿ ಓಡಿಸಿದ ಹಾಗೆ. ತಿರುವಿಗೆ ಬೇಕಾಗಿರೋದು ಪೂರ್ತಿ ಉಲ್ಟಾ. ಎರಡು ಡಬ್ಬಿ ಮೇಲೂ ‘ಪರ್ಫಾರ್ಮೆನ್ಸ್’ ಅಂತಾನೇ ಬರೆದಿರುತ್ತೆ.

ಇನ್ನು 1960ರ ದಶಕದ ಕಾರ್ ಇಟ್ಕೊಂಡವರಿಗೆ ಒಂದು ಮಾತು. ಆ ಕಾರ್‌ಗಳ ಅಲೈನ್‌ಮೆಂಟ್ ಲೆಕ್ಕ ಆಗಿನ ಬಯಾಸ್ ಪ್ಲೈ ಟೈರ್‌ಗೆ ಮಾಡಿದ್ದು. ಇವತ್ತು ಎಲ್ಲರೂ ಹಾಕೋದು ರೇಡಿಯಲ್. ಅದಕ್ಕೆ ಕ್ಯಾಸ್ಟರ್ ಕೋನ ಜಾಸ್ತಿ ಬೇಕು, ಇಲ್ಲದಿದ್ರೆ ಹೈವೇಯಲ್ಲಿ ಸ್ಟೇರಿಂಗ್ ಅಲೀತಾ ಇರುತ್ತೆ. ಮ್ಯಾನುಯಲ್‌ನಲ್ಲಿರೋ ಹಳೇ ಅಂಕಿ ನೋಡಿ ಅಲೈನ್‌ಮೆಂಟ್ ಮಾಡಿಸಿದ್ರೆ ಅದು ‘ಸರಿ’ ಇದ್ದೂ ತಪ್ಪು. ಹೊಸ ಟ್ಯೂಬ್ ಮಾದರಿಯ ಮೇಲಿನ ಆರ್ಮ್‌ಗಳ ನಿಜವಾದ ಲಾಭ ಇಲ್ಲಿದೆ: ಈ ಕೋನವನ್ನ ಹೆಚ್ಚಿಸೋಕೆ ಜಾಗ ಕೊಡುತ್ತೆ. ತೂಕ ಕಮ್ಮಿ, ನೋಡೋಕೆ ಚೆಂದ ಅನ್ನೋದೆಲ್ಲ ಆಮೇಲೆ.

ನನ್ನ ಅಭಿಪ್ರಾಯದಲ್ಲಿ ದುಡ್ಡು ಹೋಗಬೇಕಾದ ದಾರಿ ಹೀಗೆ: ಒಳ್ಳೇ ಟೈರ್ ಮೊದಲು. ಸವೆದ ಬುಷ್, ಬಾಲ್ ಜಾಯಿಂಟ್‌ಗಳನ್ನ ಹೊಸದು ಮಾಡೋದು ಅದರ ಜೊತೆಗೇ. ಆಮೇಲೆ ಶಾಕ್, ಆಮೇಲೆ ಸ್ವೇ ಬಾರ್. ಸ್ಪ್ರಿಂಗ್ ಕೊನೆಗೆ. ಪ್ರತಿ ಹೆಜ್ಜೆ ಆದ ಮೇಲೂ ಅಲೈನ್‌ಮೆಂಟ್. ಜನ ಮಾಡೋದು ಇದರ ಉಲ್ಟಾ, ಯಾಕಂದ್ರೆ ಸ್ಪ್ರಿಂಗ್ ಹಾಕಿದ ದಿನವೇ ಫೋಟೋದಲ್ಲಿ ವ್ಯತ್ಯಾಸ ಕಾಣುತ್ತೆ. ಹೊಸ ಬುಷ್ ಯಾವ ಫೋಟೋದಲ್ಲೂ ಕಾಣಲ್ಲ.

ಎರಡನೇ ವಾಯ್ಸ್ ನೋಟ್: ಟ್ರಕ್

ಇಷ್ಟಕ್ಕೇ ಮುಗೀತು ಅಂದ್ಕೊಂಡೆ. ಒಂದು ತಿಂಗಳಾದ ಮೇಲೆ ಮತ್ತೆ ಮೆಸೇಜ್. ಮಗು ಆಗಿದೆ, ದೊಡ್ಡ ಗಾಡಿ ಬೇಕು, ಒಂದು ಪಿಕಪ್ ಟ್ರಕ್ ನೋಡಿದ್ದೀನಿ, ಮೊದಲ ಓನರ್ ಆರು ಇಂಚು ಲಿಫ್ಟ್ ಮಾಡಿಸಿದ್ದಾರೆ, ತಗೊಳ್ಲಾ ಅಂತ. ಟೆಕ್ಸಾಸ್‌ನಲ್ಲಿ ಪಿಕಪ್ ಟ್ರಕ್ ಅಂದ್ರೆ ನಮ್ಮಲ್ಲಿ ಬೈಕ್ ಇದ್ದ ಹಾಗೆ, ಯಾರ ಮನೆ ಮುಂದೆ ನೋಡಿದ್ರೂ ಒಂದು.

ಮೊದಲು ಒಂದು ಚಿಕ್ಕ ಲೆಕ್ಕ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಗಾಡಿಗಳು ಪಲ್ಟಿ ಹೊಡೆಯೋ ಅಪಾಯ ಅಳೆಯೋಕೆ ಬಳಸೋ ಸೂತ್ರ ತುಂಬಾ ಸುಲಭ: ಎಡ ಬಲ ಚಕ್ರಗಳ ಮಧ್ಯದ ಅಗಲವನ್ನ, ಭಾರದ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಉತ್ತರ ದೊಡ್ಡದಾದಷ್ಟೂ ಒಳ್ಳೇದು. ಉದಾಹರಣೆಗೆ ಅಗಲ 68 ಇಂಚು, ಎತ್ತರ 28 ಇಂಚು ಅಂತ ಇಟ್ಕೊಳ್ಳಿ. 68 ಭಾಗಿಸು 56, ಅಂದ್ರೆ 1.21. ಈಗ ಆರು ಇಂಚು ಲಿಫ್ಟ್ ಮಾಡಿ. ಚಕ್ರ, ಆಕ್ಸಲ್ ಬಿಟ್ಟು ಉಳಿದಿದ್ದೆಲ್ಲ ಮೇಲೇರುತ್ತೆ, ಭಾರದ ಕೇಂದ್ರ ಒಂದು ಐದು ಇಂಚು ಏರಿತು ಅನ್ನೋಣ. 68 ಭಾಗಿಸು 66. ಉತ್ತರ 1.03. ಒಣ ಟಾರ್ ರಸ್ತೆಯಲ್ಲಿ ಬರೀ ತಿರುಗಿಸಿದ್ದಕ್ಕೆ ಬೀಳದೇ ಇರಬಹುದು, ಅಷ್ಟರಲ್ಲಿ ಟೈರ್ ಜಾರಿರುತ್ತೆ. ಆದ್ರೆ ಹೆಚ್ಚಿನ ಗಾಡಿ ಪಲ್ಟಿ ಆಗೋದು ಹಾಗಲ್ಲ. ಪಕ್ಕಕ್ಕೆ ಜಾರಿಕೊಂಡು ಹೋಗಿ ರಸ್ತೆ ಅಂಚಿನ ಮೆತ್ತನೆ ಮಣ್ಣಿಗೋ ಕಲ್ಲಿಗೋ ಎಡವಿ. ಆಗ ಈ ಅಂಕಿಯ ಪ್ರತಿ ಚೂರೂ ಲೆಕ್ಕಕ್ಕೆ ಬರುತ್ತೆ.

ಲಿಫ್ಟ್ ಮಾಡೋರೆಲ್ಲ ದಡ್ಡರು ಅಂತ ನಾನು ಹೇಳ್ತಿಲ್ಲ. ಮರುಭೂಮಿ ರೇಸ್ ಟ್ರಕ್‌ಗಳಿಗೆ ಎತ್ತರಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ, ಟ್ರಾವೆಲ್. ಅಂದ್ರೆ ಚಕ್ರ ಮೇಲೆ ಕೆಳಗೆ ಎಷ್ಟು ದೂರ ಓಡಾಡುತ್ತೆ ಅನ್ನೋದು. ಮೆಕ್ಸಿಕೋದ ಬಾಹಾ ರೇಸ್ 1967ರಿಂದ ನಡೀತಾ ಇದೆ, ಈ ವಿದ್ಯೆ ಪಳಗಿದ್ದು ಹೆಚ್ಚಾಗಿ ಅಂಥ ರೇಸ್‌ಗಳಲ್ಲಿ. 2010ರ ಮಾಡೆಲ್‌ನಲ್ಲಿ ಫೋರ್ಡ್ ಎಫ್-150 ರಾಪ್ಟರ್ ಬಂದಾಗ ಅದರಲ್ಲಿ ಕಂಪನಿಯಿಂದಲೇ ಫಾಕ್ಸ್ ಶಾಕ್‌ಗಳಿತ್ತು, ಜೊತೆಗೆ ಗಾಡಿ ಸಾಮಾನ್ಯ ಎಫ್-150ಗಿಂತ ಸುಮಾರು 7 ಇಂಚು ಅಗಲ. ಗಮನಿಸಿ, ಸೂತ್ರದ ಮೇಲಿನ ಅಂಕಿಯನ್ನೂ ಬದಲಾಯಿಸಿದ್ರು. ಆರು ಇಂಚಿನ ಲಿಫ್ಟ್ ಕಿಟ್ ಹಾಕೋರು ಸಾಮಾನ್ಯವಾಗಿ ಕೆಳಗಿನ ಅಂಕಿಯನ್ನ ಮಾತ್ರ ಬದಲಾಯಿಸ್ತಾರೆ.

ಶಾಕ್ ವಿಷಯದಲ್ಲಿ ಒಂದು ಮಜಾ ಸಂಗತಿ. ಮಲ್ಟಿಮ್ಯಾಟಿಕ್ ಅನ್ನೋ ಕೆನಡಾದ ಕಂಪನಿ ಮಾಡೋ ಸ್ಪೂಲ್ ವಾಲ್ವ್ ಶಾಕ್‌ಗಳನ್ನ ಶೆವರ್ಲೆ 2014ರ ಕಮಾರೊ ಝಡ್/28ಗೆ ಹಾಕಿತ್ತು. ನೆಲಕ್ಕೆ ಅಂಟಿಕೊಂಡ ಹಾಗಿರೋ ಟ್ರ್ಯಾಕ್ ಕಾರ್ ಅದು. ಮೂರು ವರ್ಷ ಆದ ಮೇಲೆ ಅದೇ ವಿದ್ಯೆ ಕೊಲರಾಡೊ ಝಡ್‌ಆರ್2 ಅನ್ನೋ ಕಲ್ಲು ಮಣ್ಣು ಹತ್ತೋ ಟ್ರಕ್‌ಗೆ ಬಂತು. ಒಂದು ತಗ್ಗು, ಒಂದು ಎತ್ತರ. ಎರಡಕ್ಕೂ ಬೇಕಾಗಿದ್ದು ಒಂದೇ, ಟೈರ್ ನೆಲ ಬಿಡದ ಹಾಗೆ ನೋಡ್ಕೊಳ್ಳೋದು.

ಇನ್ನು ಲಿಫ್ಟ್‌ನಲ್ಲೂ ಜಾತಿಗಳಿವೆ. ಬಾಡಿ ಲಿಫ್ಟ್ ಅಂದ್ರೆ ಚಾಸಿಗೂ ಬಾಡಿಗೂ ಮಧ್ಯ ಗಟ್ಟಿ ತುಂಡು ಇಟ್ಟು ದೊಡ್ಡ ಟೈರ್‌ಗೆ ಜಾಗ ಮಾಡೋದು, ಸಸ್ಪೆನ್ಷನ್ ಹಾಗೇ ಇರುತ್ತೆ. ಅಗ್ಗದ ದಾರಿ ಸ್ಪೇಸರ್: ಮುಂದಿನ ಸ್ಟ್ರಟ್‌ನ ತಲೆ ಮೇಲೆ ಒಂದು ಬಿಲ್ಲೆ. ಆರ್ಮ್ ಸನ್ನೆಯ ಹಾಗೆ ಕೆಲಸ ಮಾಡೋದರಿಂದ ತುಂಬಾ ಟ್ರಕ್‌ಗಳಲ್ಲಿ ಒಂದು ಇಂಚಿನ ಬಿಲ್ಲೆ ಚಕ್ರದ ಹತ್ತಿರ ಹೆಚ್ಚು ಕಮ್ಮಿ ಎರಡು ಇಂಚು ಎತ್ತುತ್ತೆ. ಎರಡು ಇಂಚಿನ ತನಕ, ಒಳ್ಳೇ ಅಲೈನ್‌ಮೆಂಟ್ ಜೊತೆ, ಬದುಕಬಹುದು. ಅದಕ್ಕಿಂತ ಮೇಲೆ ಹೋದ್ರೆ ಬಾಲ್ ಜಾಯಿಂಟ್, ಸಿವಿ ಜಾಯಿಂಟ್‌ಗಳು ತಮಗೆ ಅಂತ ಇಟ್ಟ ಕೋನ ದಾಟಿ ದುಡೀಬೇಕು. ಹಿಂದೆ ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ಮಧ್ಯ ಬ್ಲಾಕ್ ಇಡ್ತಾರೆ. ಬ್ಲಾಕ್ ಎತ್ತರ ಆದಷ್ಟೂ ಆಕ್ಸಲ್ ತಿರುಚೋ ಸನ್ನೆ ಉದ್ದ ಆಗುತ್ತೆ. ನೆನಪಿದೆಯಲ್ಲ, 1967ರ ಕಮಾರೊ ಕುಣಿತ? ಅದೇ ಕಾಯಿಲೆ, ಬೇರೆ ಗಾಡಿ.

ಮುಂದೆಯೂ ಗಟ್ಟಿ ಆಕ್ಸಲ್ ಇರೋ ಜೀಪ್, ದೊಡ್ಡ ಟ್ರಕ್‌ಗಳಲ್ಲಿ ಇನ್ನೊಂದು ಭೂತ ಇದೆ, ಡೆತ್ ವಾಬಲ್ ಅಂತ. ಲಿಫ್ಟ್ ಮಾಡಿದಾಗ ಕ್ಯಾಸ್ಟರ್ ಕೋನ ಕಮ್ಮಿ ಆಗುತ್ತೆ, ಟ್ರ್ಯಾಕ್ ಬಾರ್‌ನ ಬುಷ್ ಸ್ವಲ್ಪ ಸಡಿಲ ಆಗಿದ್ರೆ ಸಾಕು, ಹೈವೇ ವೇಗದಲ್ಲಿ ಒಂದು ಸಣ್ಣ ಉಬ್ಬು ಸಿಕ್ಕಿದ್ರೆ ಮುಂದಿನ ಚಕ್ರಗಳೆರಡೂ ಎಡ ಬಲ ಹುಚ್ಚು ಹಿಡಿದ ಹಾಗೆ ಅಲ್ಲಾಡುತ್ತೆ. ವೇಗ ಇಳಿಸೋ ತನಕ ನಿಲ್ಲಲ್ಲ. ಹೆಸರು ಸುಮ್ಮನೆ ಬಂದಿಲ್ಲ.

ಟೈರ್ ವಿಷಯ ಬೇಗ ಹೇಳಿ ಮುಗಿಸ್ತೀನಿ. 31 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿ ಸ್ಪೀಡೋಮೀಟರ್ ಸರಿ ಮಾಡಿಸದಿದ್ರೆ, ಅದು ಗಂಟೆಗೆ 60 ಮೈಲಿ ತೋರಿಸೋವಾಗ ನಿಜವಾಗಿ ಹೋಗ್ತಿರೋದು ಸುಮಾರು 68. ಬ್ರೇಕ್ ಅದೇ ಹಳೇದು, ತಡೀಬೇಕಾದ ಚಕ್ರ ದೊಡ್ಡದು ಮತ್ತು ಭಾರ.

ಕಾನೂನು ಏನು ಹೇಳುತ್ತೆ

ಅಮೆರಿಕದಲ್ಲಿ ಇದು ಪ್ರತಿ ರಾಜ್ಯಕ್ಕೂ ಬೇರೆ. ಕ್ಯಾರೊಲಿನಾ ಸ್ಕ್ವಾಟ್ ಅಂತ ಒಂದು ಫ್ಯಾಷನ್ ಬಂದಿತ್ತು, ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ. ಟ್ರಕ್‌ನ ಮೂತಿ ಆಕಾಶಕ್ಕೆ, ಹಿಂಭಾಗ ನೆಲಕ್ಕೆ. ಡ್ರೈವರ್‌ಗೆ ಮುಂದೆ ನಿಂತಿರೋ ಮಗು ಕಾಣಲ್ಲ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ. ನಾರ್ತ್ ಕ್ಯಾರೊಲಿನಾ 2021ರ ಡಿಸೆಂಬರ್‌ನಿಂದ ಇದನ್ನ ನಿಷೇಧಿಸಿತು. ಮುಂದಿನ ಫೆಂಡರ್ ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಅದಕ್ಕಿಂತ ಎತ್ತರ ಇರಬಾರದು ಅನ್ನೋದು ಅಳತೆ. 2022ರಲ್ಲಿ ವರ್ಜೀನಿಯಾ, 2023ರಲ್ಲಿ ಸೌತ್ ಕ್ಯಾರೊಲಿನಾ ಕೂಡ ಕಾನೂನು ಮಾಡಿದ್ವು.

ವಾರಂಟಿ ಬಗ್ಗೆ ಅಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ಹೊರಗಿನ ಪಾರ್ಟ್ ಹಾಕಿದ್ದೀರಿ ಅನ್ನೋ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡೋ ಹಾಗಿಲ್ಲ. ಆದ್ರೆ ಆ ಪಾರ್ಟ್‌ನಿಂದಲೇ ಹಾಳಾಯ್ತು ಅಂತಾದ್ರೆ ಆ ಕ್ಲೇಮ್ ನಿರಾಕರಿಸಬಹುದು. ಲಿಫ್ಟ್ ಮಾಡಿದ ಟ್ರಕ್‌ನ ಸಿವಿ ಜಾಯಿಂಟ್ ಹೋದ್ರೆ ನಿಮ್ಮ ವಾದ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೀವೇ ಯೋಚಿಸಿ.

ಇಲ್ಲಿ ಥಾರ್, ಜಿಮ್ನಿ ಇಟ್ಕೊಂಡು ವೀಕೆಂಡ್‌ಗೆ ಸಕಲೇಶಪುರ, ಕೊಡಗು ಅಂತ ಹೋಗೋ ಕೇಳುಗರು ಈಗ ಕಿವಿ ನಿಮಿರಿಸಿರ್ತೀರಿ. ನಮ್ಮಲ್ಲಿ ವಿಷಯ ಇನ್ನೂ ಬಿಗಿ. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿದಿದೆ. ಲಿಫ್ಟ್ ಮಾಡಿಸೋಕೆ ಮುಂಚೆ ಇನ್ಷೂರೆನ್ಸ್ ಪಾಲಿಸಿ ತೆಗೆದು ಒಮ್ಮೆ ಓದಿ. ಅಪಘಾತ ಆದ ಮೇಲೆ ಸರ್ವೇಯರ್ ಓದೇ ಓದ್ತಾರೆ.

ಮತ್ತೆ ಡಲ್ಲಾಸ್

ಗೆಳೆಯರಿಗೆ ನಾನು ಹೇಳಿದ್ದು, ‘ಟ್ರಕ್ ನೋಡೋಕೆ ಹೋದಾಗ ಇಂಜಿನ್ ಶಬ್ದ ಕೇಳ್ತಾ ನಿಲ್ಬೇಡಿ. ಫೋನ್‌ನ ಟಾರ್ಚ್ ಹಾಕಿ, ಕೆಳಗೆ ಹಿಡಿದು, ನಾಲ್ಕು ಫೋಟೋ ತೆಗೆದು ಕಳಿಸಿ. ಮುಂದಿನ ಸ್ಟ್ರಟ್ ತಲೆ, ಮೇಲಿನ ಬಾಲ್ ಜಾಯಿಂಟ್, ಸಿವಿ ಜಾಯಿಂಟ್‌ನ ರಬ್ಬರ್ ಹೊದಿಕೆ, ಹಿಂದಿನ ಲೀಫ್ ಸ್ಪ್ರಿಂಗ್ ಆಕ್ಸಲ್‌ಗೆ ಕೂರೋ ಜಾಗ.’

ಶನಿವಾರ ಫೋಟೋ ಬಂತು. ಸಿವಿ ಜಾಯಿಂಟ್ ಹೊದಿಕೆ ಹರಿದು ಗ್ರೀಸ್ ಸುತ್ತಲೂ ಚಿಮ್ಮಿತ್ತು. ಅದು ಸಣ್ಣ ವಿಷಯ, ಬದಲಾಯಿಸಬಹುದು. ಹಿಂದಿನ ಫೋಟೋ ನೋಡಿ ಝೂಮ್ ಮಾಡಿದೆ, ಮತ್ತೆ ಝೂಮ್ ಮಾಡಿದೆ. ಆಕ್ಸಲ್ ಮೇಲೆ ಎತ್ತರದ ಒಂದು ಬ್ಲಾಕ್ ಇರ್ಬೇಕಾದ ಕಡೆ ಎರಡು ಚಿಕ್ಕ ಬ್ಲಾಕ್ ಒಂದರ ಮೇಲೊಂದು ಪೇರಿಸಿ, ಉದ್ದದ ಯು-ಬೋಲ್ಟ್‌ನಲ್ಲಿ ಬಿಗಿದಿದ್ರು. ಎರಡು ಇಟ್ಟಿಗೆ ಜೋಡಿಸಿದ ಹಾಗೆ. ಬೋಲ್ಟ್ ಸ್ವಲ್ಪ ಸಡಿಲ ಆಗಿ, ಒಂದು ಸಲ ಜೋರಾಗಿ ಬ್ರೇಕ್ ಹಾಕಿ ಬ್ಲಾಕ್ ಜಾರಿದ್ರೆ, ಆಕ್ಸಲ್ ತನ್ನ ಜಾಗದಲ್ಲಿ ಇರಲ್ಲ.

ಫೋನ್ ಮಾಡಿದೆ. ಅಲ್ಲಿ ಆಗ ಮಧ್ಯಾಹ್ನ, ಇಲ್ಲಿ ರಾತ್ರಿ ಹನ್ನೆರಡೂವರೆ. ಮಾರೋರು ಪಕ್ಕದಲ್ಲೇ ನಿಂತಿದ್ರಂತೆ, ಇವರು ಕನ್ನಡದಲ್ಲಿ ಮಾತಾಡ್ತಾ ಇದ್ರು. ‘ಮಗೂ ಸೀಟ್ ಹಿಂದೆ ಕೂರಿಸಿ ನೋಡ್ದೆ ಗುರು, ಸೂಪರಾಗಿ ಕೂರುತ್ತೆ’ ಅಂದ್ರು. ನಾನು ಬ್ಲಾಕ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕಾರ್ ಸೀಟ್‌ನ ಬೆಲ್ಟ್ ಬಿಚ್ಚೋ ಶಬ್ದ ಕೇಳಿಸ್ತು.